ಪಿಟ್ಸ್‌ಬರ್ಗಿನ ಅಂಕಣದಿಂದ: ಅಮೆರಿಕದ ಹೈಸ್ಕೂಲು ತಾರಾ ಪಂದ್ಯಗಳ ಅರವತ್ತು ವರ್ಷ

ಅಮೆರಿಕದಲ್ಲಿ ಹೈಸ್ಕೂಲು ಎಂದರೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಶಾಲೆ. ಅಲ್ಲಿಂದ ಹೊರಬೀಳುವ ವಿದ್ಯಾರ್ಥಿಯ ವಯಸ್ಸು ನಮ್ಮಲ್ಲಿ ಪಿಯುಸಿ ಮುಗಿಸಿದವರ ವಯಸ್ಸಿಗೆ ಹತ್ತಿರವಾದದ್ದು. ಆ ವಯಸ್ಸಿನ, ದೇಶದಲ್ಲೇ ಅತ್ಯುತ್ತಮರೆಂದು ಹೆಸರಾದ ಬಾಸ್ಕೆಟ್‌ಬಾಲ್ ಆಟಗಾರರನ್ನು ಬೇರೆ ಬೇರೆ ರಾಜ್ಯಗಳಿಂದ ಒಂದೆಡೆ ಕರೆತಂದು, ಎರಡು ತಂಡಗಳಾಗಿ ವಿಂಗಡಿಸಿ, ವರ್ಷಕ್ಕೊಮ್ಮೆ ಆಡಿಸುವ ಪ್ರದರ್ಶನ ಪಂದ್ಯಕ್ಕೆ ಆಲ್-ಸ್ಟಾರ್ ಪಂದ್ಯ, ಅಂದರೆ ತಾರಾ ಪಂದ್ಯ ಎಂದು ಹೆಸರು. ಈ ಪಂದ್ಯದ ಫಲಿತಾಂಶ ಯಾವ ಲೀಗಿನ ಪಟ್ಟಿಯನ್ನೂ ಸೇರುವುದಿಲ್ಲ, ಗೆದ್ದವರು ಮುಂದಿನ ಸುತ್ತಿಗೆ ಹೋಗುವುದಿಲ್ಲ, ಸೋತವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಹೀಗಿದ್ದರೂ ಕಾಲೇಜುಗಳ ತರಬೇತುದಾರರು, ಪಾದರಕ್ಷೆ ತಯಾರಕರು, ವೃತ್ತಿಪರ ತಂಡಗಳ ಪರೀಕ್ಷಕರು, ದೂರದರ್ಶನ ವಾಹಿನಿಗಳು ಮತ್ತು ದತ್ತಿ ಸಂಸ್ಥೆಗಳು ಅರವತ್ತು ವರ್ಷಗಳ ಕಾಲ ಇದರ ಸುತ್ತ ನೆರೆದಿದ್ದಾರೆ. ಅವರೆಲ್ಲರೂ ನೋಡಬಂದ ಹುಡುಗನಿಗೆ ಮಾತ್ರ ಆ ಅವಧಿಯ ಬಹುಪಾಲು ತನ್ನ ಆಟದಿಂದ ಒಂದು ಡಾಲರನ್ನೂ ಪಡೆಯುವ ಹಕ್ಕಿರಲಿಲ್ಲ. ತಾರಾ ಪಂದ್ಯಗಳ ಇತಿಹಾಸವನ್ನು ಅಂಕಗಳ ಇತಿಹಾಸವಾಗಿ ಬರೆದವರು ಅನೇಕರಿದ್ದಾರೆ. ಹದಿಹರೆಯದ ಪ್ರತಿಭೆಯ ಬೆಲೆ ಯಾರ ಕೈ ಸೇರಿತು ಎಂಬ ಪ್ರಶ್ನೆಯ ಇತಿಹಾಸವಾಗಿ ಅದನ್ನು ಓದುವುದು ಹೆಚ್ಚು ನ್ಯಾಯವಾದದ್ದು.

1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದ ಈ ಆಟ ಶಾಲೆಗಳಿಗೆ ಬಹುಬೇಗ ಹರಡಿತು. ಶಾಲಾ ತಂಡಗಳನ್ನು ರಾಷ್ಟ್ರಮಟ್ಟದಲ್ಲಿ ಎದುರುಬದುರಾಗಿಸುವ ಪ್ರಯತ್ನವೂ ಹಳೆಯದೇ: ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಏಮಸ್ ಅಲೊಂಜೊ ಸ್ಟ್ಯಾಗ್ 1917ರಿಂದ 1930ರವರೆಗೆ ಅಂತಹ ಪಂದ್ಯಾವಳಿಯನ್ನು ನಡೆಸಿದ್ದರು. ವರ್ಣಭೇದದ ಆ ದಿನಗಳಲ್ಲಿ ಕಪ್ಪು ವರ್ಣೀಯರ ಶಾಲೆಗಳಿಗಾಗಿ ವರ್ಜೀನಿಯಾದ ಹ್ಯಾಂಪ್ಟನ್ ಸಂಸ್ಥೆಯಲ್ಲಿ 1929ರಲ್ಲಿ ಪ್ರತ್ಯೇಕ ಪಂದ್ಯಾವಳಿಯೇ ಆರಂಭವಾಗಬೇಕಾಯಿತು. ಆದರೆ ತಂಡಗಳ ಬದಲು ವ್ಯಕ್ತಿಗಳನ್ನು ಆರಿಸಿ ತರುವ ಪಂದ್ಯಗಳು ದೊಡ್ಡದಾಗಿ ಬೆಳೆಯಲು ಕಾಲೇಜು ಕ್ರೀಡೆಯ ಆರ್ಥಿಕ ವ್ಯವಸ್ಥೆ ಒಂದು ನಿರ್ದಿಷ್ಟ ರೂಪಕ್ಕೆ ಬರಬೇಕಿತ್ತು. 1906ರಲ್ಲಿ ಹುಟ್ಟಿದ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ, ಅಂದರೆ ಎನ್‌ಸಿಎಎ, ಕ್ರೀಡಾ ಸಾಮರ್ಥ್ಯವನ್ನೇ ಆಧಾರವಾಗಿಟ್ಟುಕೊಂಡು ಪೂರ್ಣ ವಿದ್ಯಾರ್ಥಿವೇತನ ನೀಡುವುದಕ್ಕೆ 1956ರಲ್ಲಿ ಸ್ಪಷ್ಟ ಅನುಮತಿ ಕೊಟ್ಟಿತು. ಬೋಧನಾ ಶುಲ್ಕ, ವಸತಿ, ಊಟ ಮತ್ತು ಪುಸ್ತಕಗಳ ವೆಚ್ಚವನ್ನು ಮೀರಿ ಏನನ್ನೂ ಕೊಡಬಾರದೆಂಬ ನಿರ್ಬಂಧವೂ ಅದರೊಡನೆ ಬಂದಿತು. ಹಣದಿಂದ ಆಕರ್ಷಿಸಲಾಗದ ಪ್ರತಿಭೆಯನ್ನು ಪರಿಚಯ, ಮಾತುಗಾರಿಕೆ ಮತ್ತು ಓಡಾಟದಿಂದ ಆಕರ್ಷಿಸಬೇಕಾದ ಕಾರಣ, ‘ರಿಕ್ರೂಟಿಂಗ್’ ಎಂಬ ಹೆಸರಿನ ಆಟಗಾರರ ಬೇಟೆ ತರಬೇತುದಾರರ ವೃತ್ತಿಯ ಅರ್ಧದಷ್ಟಾಯಿತು. ಒಂದು ಕಾಲೇಜಿಗೆ ಮಾತುಕೊಟ್ಟ ಹುಡುಗನನ್ನು ಇನ್ನೊಂದು ಕಾಲೇಜು ಸೆಳೆದುಕೊಳ್ಳದಂತೆ ತಡೆಯುವ ರಾಷ್ಟ್ರೀಯ ಒಪ್ಪಿಗೆಪತ್ರದ ಪದ್ಧತಿ 1964ರಲ್ಲಿ ಜಾರಿಗೆ ಬಂದಿತೆಂಬುದೇ ಆ ಬೇಟೆ ಎಷ್ಟು ತೀವ್ರವಾಗಿತ್ತೆಂಬುದಕ್ಕೆ ಸಾಕ್ಷಿ.

ಅದರ ಮರುವರ್ಷವೇ, 1965ರಲ್ಲಿ, ಪೆನ್ಸಿಲ್ವೇನಿಯಾದ ಉಕ್ಕಿನ ನಗರ ಪಿಟ್ಸ್‌ಬರ್ಗಿನ ಸಿವಿಕ್ ಅರೀನಾ ಎಂಬ ಗುಮ್ಮಟದ ಕ್ರೀಡಾಂಗಣದಲ್ಲಿ ‘ಡ್ಯಾಪರ್ ಡ್ಯಾನ್ ರೌಂಡ್‌ಬಾಲ್ ಕ್ಲಾಸಿಕ್’ ಆರಂಭವಾಯಿತು. ಅದನ್ನು ಕಟ್ಟಿದವರು ಇಬ್ಬರು ಯುವಕರು: ಸಮೀಪದ ಟ್ರ್ಯಾಫರ್ಡ್ ಎಂಬ ಪುಟ್ಟ ಊರಿನಿಂದ ಬಂದ, ಶಾಲಾ ಶಿಕ್ಷಕರಾಗಿದ್ದ ಸನ್ನಿ ವಕಾರೊ ಮತ್ತು ಸಂಗೀತ ಕಛೇರಿಗಳ ಸಂಘಟಕರಾಗಿದ್ದ ಅವರ ಗೆಳೆಯ ಪ್ಯಾಟ್ ಡಿಚೆಸಾರೆ. ಪಂದ್ಯದ ಹೆಸರಿನಲ್ಲಿರುವ ‘ಡ್ಯಾಪರ್ ಡ್ಯಾನ್’ ಒಬ್ಬ ವ್ಯಕ್ತಿಯಲ್ಲ. ಪಿಟ್ಸ್‌ಬರ್ಗ್ ಪೋಸ್ಟ್-ಗೆಜೆಟ್ ಪತ್ರಿಕೆಯ ಕ್ರೀಡಾ ಬರಹಗಾರ ಆಲ್ ಏಬ್ರಮ್ಸ್ ಮೂವತ್ತರ ದಶಕದಲ್ಲಿ ಕಟ್ಟಿದ ಸ್ಥಳೀಯ ದತ್ತಿ ಸಂಸ್ಥೆಯ ಹೆಸರು ಅದು. ಪೆನ್ಸಿಲ್ವೇನಿಯಾದ ಆಯ್ದ ಹುಡುಗರು ಒಂದು ಕಡೆ, ಉಳಿದ ಇಡೀ ದೇಶದ ಆಯ್ದ ಹುಡುಗರು ಇನ್ನೊಂದು ಕಡೆ ಎಂಬ ವಿಂಗಡಣೆ ಸ್ಥಳೀಯ ಅಭಿಮಾನವನ್ನು ಕೆರಳಿಸಿ ಟಿಕೆಟ್ಟುಗಳನ್ನು ಮಾರಿಸುವಷ್ಟು ಜಾಣತನದ್ದಾಗಿತ್ತು. ಆದರೆ ಪಂದ್ಯದ ನಿಜವಾದ ಬಲ ಪ್ರೇಕ್ಷಕರ ಸಾಲುಗಳಲ್ಲಿ ಇರಲಿಲ್ಲ. ವಿಡಿಯೊ ದಾಖಲೆಗಳಿಲ್ಲದ, ದೂರದ ಊರಿನ ಶಾಲಾ ಪಂದ್ಯವನ್ನು ನೋಡಬೇಕಾದರೆ ರಾತ್ರಿಯಿಡೀ ಕಾರು ಓಡಿಸಬೇಕಾಗಿದ್ದ ಕಾಲದಲ್ಲಿ, ಇಪ್ಪತ್ತು ಉತ್ತಮ ಆಟಗಾರರನ್ನು ಒಂದೇ ಸಂಜೆ ಒಂದೇ ಅಂಕಣದಲ್ಲಿ ಪರಸ್ಪರ ಎದುರಿಸಿ ನೋಡುವ ಅವಕಾಶ ತರಬೇತುದಾರರಿಗೆ ಅದುವರೆಗೆ ಇರಲಿಲ್ಲ. ಆದ್ದರಿಂದ ಅವರು ದೇಶದ ಮೂಲೆಮೂಲೆಗಳಿಂದ ಬಂದು ಹೋಟೆಲಿನ ಪಡಸಾಲೆಯಲ್ಲಿ ನೆರೆದರು, ಹುಡುಗರನ್ನು ಮಾತಾಡಿಸಿದರು, ಅವರ ಶಾಲಾ ಶಿಕ್ಷಕರ ಸ್ನೇಹ ಸಂಪಾದಿಸಿದರು. ವಕಾರೊ ಅವರ ಕೈಗೆ ಸಿಕ್ಕ ಬಂಡವಾಳ ಈ ಪರಿಚಯಗಳ ಜಾಲವೇ ಆಗಿತ್ತು.

ಆ ವರ್ಷಗಳ ಸಾಮಾಜಿಕ ಸನ್ನಿವೇಶವನ್ನು ಮರೆತರೆ ಈ ಪಂದ್ಯದ ಮಹತ್ವ ಪೂರ್ತಿ ತಿಳಿಯದು. ದಕ್ಷಿಣದ ರಾಜ್ಯಗಳ ದೊಡ್ಡ ವಿಶ್ವವಿದ್ಯಾಲಯಗಳು ಆಗಿನ್ನೂ ಕಪ್ಪು ಆಟಗಾರರಿಗೆ ಬಾಗಿಲು ತೆರೆಯುವ ಹಂತದಲ್ಲಿದ್ದವು. ಐವರು ಕಪ್ಪು ಆಟಗಾರರನ್ನು ಆರಂಭದಲ್ಲೇ ಕಣಕ್ಕಿಳಿಸಿದ ಟೆಕ್ಸಸ್ ವೆಸ್ಟರ್ನ್ ಕಾಲೇಜು ಬಿಳಿಯರ ತಂಡವಾಗಿದ್ದ ಕೆಂಟಕಿಯನ್ನು ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಸೋಲಿಸಿದ್ದು 1966ರಲ್ಲಿ, ದಕ್ಷಿಣದ ಪ್ರಬಲ ಕಾಲೇಜು ಒಕ್ಕೂಟವೊಂದರಲ್ಲಿ ಪೆರಿ ವ್ಯಾಲೇಸ್ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪರವಾಗಿ ಆಡಿ ವರ್ಣದ ಗೆರೆಯನ್ನು ದಾಟಿದ್ದು 1967ರಲ್ಲಿ. ಬೇಡಿಕೆ ಹೀಗೆ ಹೊಸ ನೆಲಕ್ಕೆ ಹರಡುತ್ತಿದ್ದಾಗ ತಾರಾ ಪಂದ್ಯ ಅದಕ್ಕೊಂದು ಸಂತೆಯ ಜಾಗವನ್ನು ಒದಗಿಸಿತು. ಸಂತೆ ಎಂಬ ಪದ ಕಠಿಣವೆನಿಸಬಹುದು, ಆದರೆ ಅದಕ್ಕಿಂತ ಹೊಂದುವ ಪದ ಸಿಗುವುದಿಲ್ಲ.

ಪಿಟ್ಸ್‌ಬರ್ಗಿನ ಯಶಸ್ಸು ಅನುಕರಣೆಗಳನ್ನು ಹುಟ್ಟಿಸಿತು. ರಾಜಧಾನಿ ವಾಷಿಂಗ್ಟನ್ನಿನ ಪಕ್ಕದ ಮೇರಿಲ್ಯಾಂಡಿನಲ್ಲಿ ಬಾಬ್ ಗೇಗನ್ 1974ರಲ್ಲಿ ‘ಕ್ಯಾಪಿಟಲ್ ಕ್ಲಾಸಿಕ್’ ಎಂಬ ಪಂದ್ಯವನ್ನು ಆರಂಭಿಸಿದರು. ಅದೇ ವರ್ಷ ವರ್ಜೀನಿಯಾದ ಪೀಟರ್ಸ್‌ಬರ್ಗಿನ ಮೋಸೆಸ್ ಮಲೋನ್, ಕಾಲೇಜಿಗೆ ಸೇರುವ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಿ, ದೇಶದ ಪ್ರಮುಖ ವೃತ್ತಿಪರ ಲೀಗಾದ ಎನ್‌ಬಿಎಗೆ ಪ್ರತಿಸ್ಪರ್ಧಿಯಾಗಿದ್ದ ಇನ್ನೊಂದು ಲೀಗಿನ ಯೂಟಾ ತಂಡವನ್ನು ನೇರವಾಗಿ ಸೇರಿದರು. ಶಾಲೆಯ ಅಂಕಣದಿಂದ ವೃತ್ತಿಯ ಅಂಕಣಕ್ಕೆ ಹಾದಿಯಿದೆ ಎಂಬುದನ್ನು ಅವರು ತೋರಿಸಿದರೂ, ಆ ಹಾದಿಯಲ್ಲಿ ನಡೆದವರು ಮುಂದಿನ ಇಪ್ಪತ್ತು ವರ್ಷ ಬೆರಳೆಣಿಕೆಯಷ್ಟೇ.

ಗೇಗನ್ ಅವರ ಪಂದ್ಯದ ಮೂಲಕವೇ ಮೆಕ್‌ಡೊನಾಲ್ಡ್ಸ್ ಉಪಾಹಾರ ಗೃಹಗಳ ಸಂಸ್ಥೆ ಈ ಕ್ಷೇತ್ರವನ್ನು ಪ್ರವೇಶಿಸಿತು. 1977ರಲ್ಲಿ ಅದರ ಹೆಸರಿನ ಮೊದಲ ‘ಆಲ್-ಅಮೆರಿಕನ್’ ತಂಡ, ಅಂದರೆ ಇಡೀ ದೇಶದಿಂದ ಆಯ್ದವರ ತಂಡ, ರೂಪುಗೊಂಡು ವಾಷಿಂಗ್ಟನ್ ಪ್ರದೇಶದ ತಂಡದೆದುರು ಆಡಿತು. ಮುಂದೆ ಮ್ಯಾಜಿಕ್ ಎಂದೇ ಪ್ರಸಿದ್ಧರಾದ ಮಿಶಿಗನ್ನಿನ ಅರ್ವಿನ್ ಜಾನ್ಸನ್, ನ್ಯೂಯಾರ್ಕಿನ ಆಲ್ಬರ್ಟ್ ಕಿಂಗ್, ಫಿಲಡೆಲ್ಫಿಯಾದ ಜೀನ್ ಬ್ಯಾಂಕ್ಸ್ ಅದರಲ್ಲಿದ್ದರು. ಆ ವರ್ಷ ಜಾನ್ಸನ್‌ಗಿಂತ ಹೆಚ್ಚಾಗಿ ಕಿಂಗ್ ಅವರ ಹೆಸರೇ ಬೇಟೆಗಾರರ ನಾಲಿಗೆಯ ಮೇಲಿತ್ತು ಎಂಬುದನ್ನು ನೆನೆದರೆ, ಹದಿನೇಳರ ವಯಸ್ಸಿನಲ್ಲಿ ಕಟ್ಟುವ ಬೆಲೆ ಎಷ್ಟು ಅಸ್ಥಿರವಾದದ್ದೆಂಬುದು ತಿಳಿಯುತ್ತದೆ. ಕಿಂಗ್ ಎನ್‌ಬಿಎಯಲ್ಲಿ ಗೌರವದ ಆಟವನ್ನೇ ಆಡಿದರು, ಜಾನ್ಸನ್ ಆಟದ ಸ್ವರೂಪವನ್ನೇ ಬದಲಿಸಿದರು. 1978ರಲ್ಲಿ ಫಿಲಡೆಲ್ಫಿಯಾದ ಸ್ಪೆಕ್ಟ್ರಮ್ ಕ್ರೀಡಾಂಗಣದಲ್ಲಿ ಪೂರ್ವ ಮತ್ತು ಪಶ್ಚಿಮ ಎಂಬ ಎರಡು ತಂಡಗಳ ಪಂದ್ಯವಾಗಿ ಅದು ಸ್ವತಂತ್ರ ರೂಪ ಪಡೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಗೆ ಹತ್ತು ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟಿದ್ದ ಜಾನ್ ವುಡನ್ ಮತ್ತು ಹೈಸ್ಕೂಲು ತರಬೇತುದಾರರಲ್ಲಿ ಅಗ್ರಗಣ್ಯರಾಗಿದ್ದ ಡಿಮಾಥಾ ಶಾಲೆಯ ಮಾರ್ಗನ್ ವೂಟನ್ ಅವರ ಹೆಸರುಗಳು ಪಂದ್ಯಕ್ಕೆ ಘನತೆಯನ್ನು ಕೊಟ್ಟವು. ಪಂದ್ಯದಿಂದ ಬಂದ ಹಣ ಆಸ್ಪತ್ರೆಯಲ್ಲಿರುವ ಮಕ್ಕಳ ತಂದೆತಾಯಿಗಳಿಗೆ ತಂಗುವ ಮನೆಗಳನ್ನು ನಡೆಸುವ ದತ್ತಿಗೆ ಹೋಗತೊಡಗಿತು. ಅಂತಹ ಮೊದಲ ಮನೆ 1974ರಲ್ಲಿ ಫಿಲಡೆಲ್ಫಿಯಾದಲ್ಲೇ ತೆರೆದಿತ್ತು. ಆ ದತ್ತಿ ಅಸಂಖ್ಯ ಕುಟುಂಬಗಳಿಗೆ ಆಸರೆಯಾದದ್ದು ನಿಜ. ಆಟಗಾರರು ಸಂಭಾವನೆಯಿಲ್ಲದೆ ಆಡುವುದು ದತ್ತಿಯ ಹೆಸರಿನಲ್ಲಿ ಸಹಜವೆಂದು ತೋರುವಂತಾದದ್ದೂ ಅಷ್ಟೇ ನಿಜ.

1981ರ ಪಂದ್ಯ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ನಡೆಯಿತು. ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ನಿನ ಲೇನಿ ಹೈಸ್ಕೂಲಿನಿಂದ ಬಂದ ಮೈಕೆಲ್ ಜೋರ್ಡನ್ ಅದಕ್ಕೆ ಒಂದು ವರ್ಷದ ಹಿಂದೆ ತನ್ನ ಪ್ರದೇಶದ ಆಚೆಗೆ ಹೆಚ್ಚಾಗಿ ಯಾರಿಗೂ ತಿಳಿಯದ ಹುಡುಗ. 1980ರ ಬೇಸಿಗೆಯಲ್ಲಿ ಹೊವರ್ಡ್ ಗಾರ್ಫಿಂಕಲ್ ನಡೆಸುತ್ತಿದ್ದ ‘ಫೈವ್-ಸ್ಟಾರ್’ ಎಂಬ ತರಬೇತಿ ಶಿಬಿರದಲ್ಲಿ ಆಡಿದ ಮೇಲೆಯೇ ಆತನ ಹೆಸರು ಪಟ್ಟಿಗಳಲ್ಲಿ ಮೇಲೇರಿತ್ತು. ವಿಚಿಟಾದಲ್ಲಿ ಆತ 19 ಎಸೆತಗಳಲ್ಲಿ 13ನ್ನು ಬುಟ್ಟಿಗೆ ಹಾಕಿ, ತಡೆಯಿಲ್ಲದೆ ಎಸೆಯಲು ಸಿಗುವ ಫ್ರೀ ಥ್ರೋಗಳಲ್ಲಿ ನಾಲ್ಕಕ್ಕೆ ನಾಲ್ಕನ್ನೂ ಗಳಿಸಿ, ಒಟ್ಟು 30 ಅಂಕ ಸಂಪಾದಿಸಿದ. ಆಟ ಮುಗಿಯಲು 11 ಸೆಕೆಂಡುಗಳಿದ್ದಾಗ ಆತ ಹಾಕಿದ ಎರಡು ಫ್ರೀ ಥ್ರೋಗಳೇ ಪೂರ್ವ ತಂಡಕ್ಕೆ 96–95ರ ಗೆಲುವನ್ನು ತಂದವು. ಪಂದ್ಯಶ್ರೇಷ್ಠ ಪ್ರಶಸ್ತಿ ಮಾತ್ರ ಆತನಿಗೆ ಸಿಗಲಿಲ್ಲ. ಅದನ್ನು ವಿಚಿಟಾದವರೇ ಆದ ಆಬ್ರಿ ಶೆರಾಡ್ ಮತ್ತು ಡಿಮಾಥಾ ಶಾಲೆಯ ಏಡ್ರಿಯನ್ ಬ್ರಾಂಚ್ ಹಂಚಿಕೊಂಡರು. ಒಂದು ವರ್ಷದೊಳಗೆ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದ ನಿರ್ಣಾಯಕ ಎಸೆತ ಇದೇ ಹುಡುಗನದಾಯಿತು, ಮತ್ತು ಎದುರಾಳಿ ಜಾರ್ಜ್‌ಟೌನ್ ತಂಡದ ಆಧಾರಸ್ತಂಭವಾಗಿದ್ದ ಪ್ಯಾಟ್ರಿಕ್ ಯೂಯಿಂಗ್ ಕೂಡ 1981ರ ತಾರಾ ತಂಡದವರೇ. 30 ಅಂಕಗಳ ಆ ದಾಖಲೆಯನ್ನು ಹದಿನೆಂಟು ವರ್ಷಗಳ ನಂತರ, 1999ರಲ್ಲಿ, ಜೋನಥನ್ ಬೆಂಡರ್ 31 ಅಂಕ ಗಳಿಸಿ ಮುರಿದರು. ಬೆಂಡರ್ ಅವರ ವೃತ್ತಿಜೀವನವನ್ನು ಮೊಣಕಾಲಿನ ನೋವು ಬಹುಬೇಗ ಮೊಟಕುಗೊಳಿಸಿತು.

ಇಷ್ಟರಲ್ಲಿ ಪಿಟ್ಸ್‌ಬರ್ಗಿನ ಶಿಕ್ಷಕ ಬೇರೆಯೇ ವ್ಯವಹಾರಕ್ಕೆ ಇಳಿದಿದ್ದರು. 1977ರಲ್ಲಿ ನೈಕಿ ಎಂಬ, ಆಗ ಓಟಗಾರರ ಬೂಟುಗಳಿಗಷ್ಟೇ ಹೆಸರಾಗಿದ್ದ ಕಂಪನಿಯನ್ನು ಸೇರಿದ ವಕಾರೊ, ಕಾಲೇಜು ತರಬೇತುದಾರರೊಡನೆ ಒಪ್ಪಂದ ಮಾಡಿಕೊಳ್ಳುವ ಹೊಸ ಪದ್ಧತಿಯನ್ನು ರೂಢಿಗೆ ತಂದರು. ಆಟಗಾರರಿಗೆ ಹಣ ಕೊಡಕೂಡದೆಂಬ ನಿಯಮ ತರಬೇತುದಾರರಿಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ, ತರಬೇತುದಾರರಿಗೆ ಹಣ ಸಂದಾಯವಾಗುತ್ತಿತ್ತು, ಹುಡುಗರ ಕಾಲಿಗೆ ಉಚಿತ ಬೂಟು ಬರುತ್ತಿತ್ತು, ಆ ಬೂಟಿನ ಚಿತ್ರ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. 1984ರಲ್ಲಿ ಜೋರ್ಡನ್ ವೃತ್ತಿಪರ ಆಟಕ್ಕೆ ಕಾಲಿಟ್ಟಾಗ ಅವರನ್ನು ನೈಕಿಗೆ ಒಲಿಸಿಕೊಳ್ಳಬೇಕೆಂದು ಒತ್ತಾಯಿಸಿದವರಲ್ಲಿ ವಕಾರೊ ಪ್ರಮುಖರು. ಅದೇ ಕಾಲಕ್ಕೆ ಅವರು ಆರಂಭಿಸಿದ ‘ಎಬಿಸಿಡಿ’ ಬೇಸಿಗೆ ಶಿಬಿರ ಹೈಸ್ಕೂಲು ಪ್ರತಿಭೆಗಳ ಮತ್ತೊಂದು ಸಂತೆಯಾಯಿತು. ಮುಂದೆ ಅವರು ಅಡಿಡಾಸ್‌ಗೂ ರೀಬಾಕ್‌ಗೂ ದುಡಿದರು. ಕಂಪನಿ ಬದಲಾದರೂ ಹುಡುಗರು ಅವರ ಶಿಬಿರಕ್ಕೆ ಬರುವುದು ನಿಲ್ಲಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ತಾರಾ ಪಂದ್ಯದ ಪ್ರೇಕ್ಷಕರ ಮೊದಲ ಸಾಲು ಬದಲಾಯಿತು. ವೃತ್ತಿಪರ ತಂಡಗಳು ಪ್ರತಿವರ್ಷ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ ಪ್ರಕ್ರಿಯೆಯಲ್ಲಿ 1995ರಲ್ಲಿ ಕೆವಿನ್ ಗಾರ್ನೆಟ್ ಶಾಲೆಯಿಂದಲೇ ಐದನೆಯವರಾಗಿ ಆಯ್ಕೆಯಾದರು. 1996ರ ಮೆಕ್‌ಡೊನಾಲ್ಡ್ಸ್ ಪಂದ್ಯ ಪಿಟ್ಸ್‌ಬರ್ಗಿನ ಹಳೆಯ ಸಿವಿಕ್ ಅರೀನಾದಲ್ಲೇ ನಡೆದಾಗ ಅಲ್ಲಿ ಆಡಿದ ಕೋಬಿ ಬ್ರಯಂಟ್ ಕಾಲೇಜನ್ನು ಬದಿಗಿಟ್ಟು ಅದೇ ವರ್ಷ ಎನ್‌ಬಿಎ ಸೇರಿದರು. ಆ ಸಂಜೆಯ ಪಂದ್ಯಶ್ರೇಷ್ಠ ಶಹೀನ್ ಹಾಲೊವೇ. ಅವರು ಕಾಲೇಜಿಗೆ ಹೋದರು, ಎನ್‌ಬಿಎಯಲ್ಲಿ ನೆಲೆ ಕಾಣಲಿಲ್ಲ, ಕಾಲು ಶತಮಾನದ ನಂತರ ಸೇಂಟ್ ಪೀಟರ್ಸ್ ಎಂಬ ಸಣ್ಣ ವಿಶ್ವವಿದ್ಯಾಲಯದ ತರಬೇತುದಾರರಾಗಿ 2022ರಲ್ಲಿ ಆ ತಂಡವನ್ನು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಎಂಟರ ಘಟ್ಟಕ್ಕೆ ಕೊಂಡೊಯ್ದು ದೇಶವನ್ನು ಬೆರಗುಗೊಳಿಸಿದರು. ತಾರಾ ಪಂದ್ಯಗಳ ಕಥೆಯನ್ನು ಬ್ರಯಂಟ್ ಅವರಂಥವರ ಮೂಲಕವೇ ಹೇಳುವ ರೂಢಿಯಿದ್ದರೂ, ಅದರಲ್ಲಿ ಹಾಲೊವೇ ಅಂಥವರೇ ಹೆಚ್ಚು.

ವ್ಯವಸ್ಥೆಯ ಒಳವಿರೋಧ 2003ರಷ್ಟು ಸ್ಪಷ್ಟವಾಗಿ ಇನ್ನಾವ ವರ್ಷವೂ ಬಯಲಾಗಲಿಲ್ಲ. ಒಹಾಯೊದ ಆಕ್ರನ್ ನಗರದ ಸೇಂಟ್ ವಿನ್ಸೆಂಟ್–ಸೇಂಟ್ ಮೇರಿ ಶಾಲೆಯ ಲೆಬ್ರಾನ್ ಜೇಮ್ಸ್ ಅವರ ಪಂದ್ಯಗಳು ಆಗಲೇ ರಾಷ್ಟ್ರೀಯ ವಾಹಿನಿಯಲ್ಲಿ ಪ್ರಸಾರವಾಗುತ್ತಿದ್ದವು, ಅವರನ್ನು ನೋಡಲು ಟಿಕೆಟ್ಟುಗಳು ಮಾರಾಟವಾಗುತ್ತಿದ್ದವು. ಅಂಗಡಿಯೊಂದರಿಂದ 845 ಡಾಲರ್ ಬೆಲೆಯ ಎರಡು ಜೆರ್ಸಿಗಳನ್ನು ಉಚಿತವಾಗಿ ಪಡೆದರೆಂಬ ಕಾರಣಕ್ಕೆ ಆ ವರ್ಷದ ಜನವರಿ ಕೊನೆಯಲ್ಲಿ ರಾಜ್ಯದ ಶಾಲಾ ಕ್ರೀಡಾ ಸಂಘ ಅವರನ್ನು ಆಟಕ್ಕೆ ಅನರ್ಹರೆಂದು ಘೋಷಿಸಿತು. ನ್ಯಾಯಾಲಯ ನಡುವೆ ಬಂದ ಮೇಲೆ ಅವರು ಮತ್ತೆ ಅಂಕಣಕ್ಕಿಳಿದರು. ಮಾರ್ಚಿನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ನಡೆದ ತಾರಾ ಪಂದ್ಯದಲ್ಲಿ 27 ಅಂಕ ಗಳಿಸಿ ಪಂದ್ಯಶ್ರೇಷ್ಠರಾದರು. ಮೇ ತಿಂಗಳಲ್ಲಿ ನೈಕಿ ಅವರೊಡನೆ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೊತ್ತ ಸುಮಾರು ಒಂಬತ್ತು ಕೋಟಿ ಡಾಲರ್. ಜನವರಿಯ ಹುಡುಗನಿಗೂ ಮೇ ತಿಂಗಳ ಹುಡುಗನಿಗೂ ಆಟದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಎರಡು ಅಂಗಿ ಪಡೆದದ್ದು ಅಪರಾಧವಾಗುವಂತೆ ಮಾಡಿದ್ದ ನಿಯಮ ಆತನನ್ನು ಯಾವುದರಿಂದ ಕಾಪಾಡುತ್ತಿತ್ತು ಎಂಬುದಕ್ಕೆ ಆ ನಿಯಮವನ್ನು ಸಮರ್ಥಿಸಿದವರು ತೃಪ್ತಿಕರ ಉತ್ತರವನ್ನು ಎಂದೂ ಕೊಡಲಿಲ್ಲ.

2004ರ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಎಂಟು ಮಂದಿ ಶಾಲೆಯಿಂದ ನೇರವಾಗಿ ಆಯ್ಕೆಯಾದರು, ಅವರಲ್ಲಿ ಮೊದಲಿಗರು ಡ್ವೈಟ್ ಹೊವರ್ಡ್. ವೃತ್ತಿಪರ ತಂಡಗಳ ಮಾಲೀಕರಿಗೆ ಇದು ಅಪಾಯದ ಹೂಡಿಕೆಯಾಗಿ ಕಂಡಿತು. 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದದ ಪ್ರಕಾರ, ಅಮೆರಿಕದ ಆಟಗಾರ ಡ್ರಾಫ್ಟಿನ ವರ್ಷದೊಳಗೆ ಹತ್ತೊಂಬತ್ತು ತುಂಬದೆ, ಹೈಸ್ಕೂಲು ಮುಗಿದು ಒಂದು ವರ್ಷ ಕಳೆಯದೆ ಡ್ರಾಫ್ಟಿಗೆ ಅರ್ಹನಾಗುವುದಿಲ್ಲವೆಂದಾಯಿತು. ಅಲ್ಲಿಂದ ಮುಂದೆ ತಾರಾ ಪಂದ್ಯದ ಅತ್ಯುತ್ತಮರು ಒಂದೇ ಒಂದು ವರ್ಷ ಕಾಲೇಜಿನಲ್ಲಿದ್ದು ಹೊರಡುವುದು ವಾಡಿಕೆಯಾಯಿತು. ಎನ್‌ಸಿಎಎ ತನ್ನ ರಾಷ್ಟ್ರೀಯ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು 2010ರಲ್ಲಿ ಹದಿನಾಲ್ಕು ವರ್ಷಗಳಿಗೆ 1,080 ಕೋಟಿ ಡಾಲರ್‌ಗಳಿಗೆ ಮಾರಿದಾಗ, ಆ ಪಂದ್ಯಾವಳಿಯ ಆಕರ್ಷಣೆಯಾಗಿದ್ದವರಲ್ಲಿ ಅನೇಕರು ಹೀಗೆ ಒತ್ತಾಯದ ಅತಿಥಿಗಳು.

ಹುಡುಗಿಯರ ಪಂದ್ಯ ಬಂದದ್ದು ಬಹಳ ತಡವಾಗಿ. ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ ‘ಟೈಟಲ್ ನೈನ್’ ಎಂಬ ಕಾನೂನು 1972ರಲ್ಲೇ ಬಂದಿದ್ದರೂ, ಮೆಕ್‌ಡೊನಾಲ್ಡ್ಸ್ ಪಂದ್ಯಕ್ಕೆ ಹುಡುಗಿಯರ ತಂಡಗಳು ಸೇರಿದ್ದು 2002ರಲ್ಲಿ. ಎರಡೇ ವರ್ಷಗಳಲ್ಲಿ, ಒಕ್ಲಹೋಮಾ ನಗರದಲ್ಲಿ, ಪಂದ್ಯದ ಜೊತೆಗೆ ನಡೆಯುವ ಡಂಕ್ ಸ್ಪರ್ಧೆಯನ್ನು, ಅಂದರೆ ನೆಗೆದು ಚೆಂಡನ್ನು ಕೈಯಿಂದಲೇ ಬುಟ್ಟಿಗಿಳಿಸುವ ಸ್ಪರ್ಧೆಯನ್ನು, ಇಲಿನಾಯ್ ರಾಜ್ಯದ ನೇಪರ್‌ವಿಲ್‌ನ ಕ್ಯಾಂಡೇಸ್ ಪಾರ್ಕರ್ ಹುಡುಗರನ್ನು ಸೋಲಿಸಿ ಗೆದ್ದರು. ಸೋತವರಲ್ಲಿ ಜೋಶ್ ಸ್ಮಿತ್ ಇದ್ದರು. ಮರುವರ್ಷ ಅವರು ಎನ್‌ಬಿಎಯ ಡಂಕ್ ಸ್ಪರ್ಧೆಯನ್ನೇ ಗೆದ್ದರು. ಕಾಲು ಶತಮಾನ ಬಾಗಿಲು ಮುಚ್ಚಿದ್ದ ವೇದಿಕೆಯ ಮೇಲೆ ಬಂದ ಎರಡೇ ವರ್ಷಕ್ಕೆ ಒಬ್ಬ ಹುಡುಗಿ ಮಾಡಿದ ಈ ಸಾಧನೆಗೆ ಆಟದ ಇತಿಹಾಸದಲ್ಲಿ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ.

ಬದಲಾವಣೆಯ ಕೊನೆಯ ಘಟ್ಟದಲ್ಲೂ ವಕಾರೊ ಅವರ ಹೆಸರು ಮರಳಿ ಬರುತ್ತದೆ. ಅವರು ಕಟ್ಟಿದ ಹಳೆಯ ರೌಂಡ್‌ಬಾಲ್ ಪಂದ್ಯ ಪಿಟ್ಸ್‌ಬರ್ಗನ್ನು ಬಿಟ್ಟು ಡೆಟ್ರಾಯ್ಟ್ ಮತ್ತು ಶಿಕಾಗೊಗಳಲ್ಲಿ ಸುತ್ತಿ 2007ರಲ್ಲಿ ನಿಂತುಹೋಯಿತು. ಅದೇ ವರ್ಷ ಪಾದರಕ್ಷೆಯ ವ್ಯವಹಾರವನ್ನು ತೊರೆದ ಅವರು, ತಾವೇ ದಶಕಗಳ ಕಾಲ ನೆರವಾಗಿದ್ದ ವ್ಯವಸ್ಥೆ ಆಟಗಾರರಿಗೆ ಅನ್ಯಾಯ ಮಾಡುತ್ತಿದೆಯೆಂದು ವಿಶ್ವವಿದ್ಯಾಲಯಗಳಲ್ಲಿ ಭಾಷಣ ಮಾಡತೊಡಗಿದರು. 1990ರ ಮೆಕ್‌ಡೊನಾಲ್ಡ್ಸ್ ತಾರೆಯಾಗಿದ್ದು, 1995ರಲ್ಲಿ ತನ್ನ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದಿದ್ದ ಎಡ್ ಒಬ್ಯಾನನ್, ತನ್ನ ಒಪ್ಪಿಗೆಯಾಗಲಿ ಸಂಭಾವನೆಯಾಗಲಿ ಇಲ್ಲದೆ ತನ್ನದೇ ಪ್ರತಿರೂಪ ವಿಡಿಯೊ ಆಟವೊಂದರಲ್ಲಿ ಮಾರಾಟವಾಗುತ್ತಿರುವುದನ್ನು ಕಂಡು 2009ರಲ್ಲಿ ಹೂಡಿದ ಮೊಕದ್ದಮೆಯ ಹಿಂದೆ ವಕಾರೊ ಅವರ ಪ್ರೇರಣೆ ಇತ್ತು. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ 2014ರಲ್ಲಿ ಎನ್‌ಸಿಎಎ ನಿಯಮಗಳು ಸ್ಪರ್ಧೆಯನ್ನು ಕಾನೂನುಬಾಹಿರವಾಗಿ ತಡೆಯುತ್ತವೆಂದು ತೀರ್ಪಿತ್ತರು; ಮೇಲ್ಮನವಿಯಲ್ಲಿ ಅದರ ಒಂದು ಭಾಗ ಮಾತ್ರ ಉಳಿಯಿತು.

ಆ ತೀರ್ಪಿನ ನಂತರವೂ ಹಣ ಹಿಂಬಾಗಿಲಿನಿಂದಲೇ ಓಡಾಡುತ್ತಿತ್ತು. ಒಬ್ಬ ತಾರಾ ಆಟಗಾರ ನಿರ್ದಿಷ್ಟ ವಿಶ್ವವಿದ್ಯಾಲಯವನ್ನು ಸೇರುವಂತೆ ಆತನ ಕುಟುಂಬಕ್ಕೆ ಒಂದು ಲಕ್ಷ ಡಾಲರ್ ತಲುಪಿಸುವ ಸಂಚನ್ನು 2017ರಲ್ಲಿ ಕೇಂದ್ರ ತನಿಖಾ ದಳ ಬಯಲಿಗೆಳೆದಾಗ, ಅಡಿಡಾಸ್ ಕಂಪನಿಯ ಅಧಿಕಾರಿಯೊಬ್ಬರು ಸೇರಿದಂತೆ ಹಲವರಿಗೆ ಶಿಕ್ಷೆಯಾಯಿತು. ಆರೋಪಿಯಲ್ಲದ ಆ ಹುಡುಗನಿಗೆ ಕಾಲೇಜಿನ ಪರವಾಗಿ ಒಂದು ಪಂದ್ಯವನ್ನೂ ಆಡಲು ಸಾಧ್ಯವಾಗಲಿಲ್ಲ. 2021ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆಲ್ಸ್ಟನ್ ಪ್ರಕರಣದಲ್ಲಿ ಎಲ್ಲ ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದಿಂದ ಎನ್‌ಸಿಎಎಯ ವಿರುದ್ಧ ತೀರ್ಪು ಕೊಟ್ಟಿತು. ಹತ್ತೇ ದಿನಗಳಲ್ಲಿ, ಜುಲೈ 1ರಿಂದ, ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳನ್ನು ಜಾಹೀರಾತಿಗೆ ಬಳಸಿ ಹಣ ಗಳಿಸುವ ಹಕ್ಕು ಪಡೆದರು. 2025ರ ಜೂನಿನಲ್ಲಿ ಅದೇ ನ್ಯಾಯಾಧೀಶೆ ವಿಲ್ಕನ್ ಅನುಮೋದಿಸಿದ ಒಪ್ಪಂದದಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುವ ಕಾಲ ಆರಂಭವಾಯಿತು.

ಈ ಎರಡು ಕಾಲಗಳ ನಡುವಿನ ಹೊಸ್ತಿಲಿನಲ್ಲಿ ಆಡದೇ ಉಳಿದ ಒಂದು ಪಂದ್ಯವಿದೆ. 2020ರ ವಸಂತದಲ್ಲಿ ಹ್ಯೂಸ್ಟನ್ನಿನಲ್ಲಿ ನಡೆಯಬೇಕಿದ್ದ ಮೆಕ್‌ಡೊನಾಲ್ಡ್ಸ್ ಪಂದ್ಯ ಕೋವಿಡ್ ಸಾಂಕ್ರಾಮಿಕದಿಂದ ರದ್ದಾಯಿತು. ಆಯ್ಕೆಯಾದವರಿಗೆ ಬಿರುದು ಉಳಿಯಿತು, ಅಂಕಣ ಸಿಗಲಿಲ್ಲ. ಆ ಪಟ್ಟಿಯಲ್ಲಿ ಅಯೋವಾ ರಾಜ್ಯದ ಡೌಲಿಂಗ್ ಕ್ಯಾಥೊಲಿಕ್ ಶಾಲೆಯ ಕೇಟ್ಲಿನ್ ಕ್ಲಾರ್ಕ್ ಇದ್ದರು. ಅವರು ತಮ್ಮ ರಾಜ್ಯದ ವಿಶ್ವವಿದ್ಯಾಲಯವನ್ನೇ ಸೇರಿ, ಎರಡನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ನಿಯಮ ಬದಲಾಗಿತ್ತು. ತರಗತಿಯಲ್ಲಿ ಪಾಠ ಕೇಳುತ್ತಿರುವಾಗಲೇ, 2022ರಲ್ಲಿ, ನೈಕಿಯೊಡನೆ ಮಾಡಿಕೊಂಡ ಒಪ್ಪಂದಕ್ಕೆ ಅವರು ತಮ್ಮ ಕೈಯಿಂದ, ತಮ್ಮ ಹೆಸರಿನಲ್ಲಿ ಸಹಿ ಹಾಕಿದರು.